ಹಳೇ ಇಂಜಿನ್‌ಗೆ ಹೈ ಲಿಫ್ಟ್ ಕ್ಯಾಮ್: ಸ್ಪ್ರಿಂಗ್, ರಾಕರ್, ಪುಶ್ ರಾಡ್ ಹೇಗೆ ಆರಿಸಬೇಕು?

ಹಳೇಗಾಡಿ_1275

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಕ್ಲಾಸಿಕ್ ಮಿನಿಯ ಎ-ಸೀರೀಸ್ ಇಂಜಿನ್ ಇದೆ, 1275 ಸಿಸಿ. ಬ್ಲಾಕ್ ಕೆಲಸ ಮುಗಿದಿದೆ. ಹೆಡ್ ಬಿಚ್ಚಿ ಇಟ್ಟಿದ್ದೇನೆ, ಇನ್‌ಟೇಕ್ ವಾಲ್ವ್ 35.7 ಎಂಎಂ. ಹೊಸ ಕ್ಯಾಮ್ (ವಾಲ್ವ್ ತೆರೆಸುವ ಶಾಫ್ಟ್) ಬಂದಿದೆ, ಅದರ ಉಬ್ಬು ಅಂದರೆ ಲೋಬ್‌ನ ಲಿಫ್ಟ್ 7 ಎಂಎಂ. ಆ ಎತ್ತುವಿಕೆಯನ್ನು ಪುಶ್ ರಾಡ್‌ನಿಂದ ವಾಲ್ವ್‌ಗೆ ದಾಟಿಸುವ ಸನ್ನೆ, ಅಂದರೆ ರಾಕರ್‌ನ ಮೂಲ ರೇಷಿಯೊ ಸುಮಾರು 1.25. ಅದರ ಬದಲು 1.5 ರಾಕರ್ ಹಾಕಿದರೆ ವಾಲ್ವ್ ಲಿಫ್ಟ್ 10.5 ಎಂಎಂ ಆಗುತ್ತದೆ.

ಈಗ ತಲೆ ಕೆಟ್ಟಿರುವುದು ಉಳಿದ ಭಾಗಗಳ ಬಗ್ಗೆ. ಕ್ಯಾಮ್ ಕೊಟ್ಟವರು "ಇರೋದರಲ್ಲಿ ಗಟ್ಟಿ ಡಬಲ್ ಸ್ಪ್ರಿಂಗ್ ಹಾಕಿ, ಚಿಂತೆನೇ ಬೇಡ" ಎನ್ನುತ್ತಾರೆ. ಸ್ಪ್ರಿಂಗ್ ಮೇಲೆ ಕೂರುವ ಬಿಲ್ಲೆ, ಅಂದರೆ ರಿಟೇನರ್, ಟೈಟಾನಿಯಂನದೇ ಬೇಕಾ? ಹಳೇ ಪುಶ್ ರಾಡ್ ನಡೆಯುತ್ತದಾ? ಲೋಬ್‌ಗೂ ಪುಶ್ ರಾಡ್‌ಗೂ ನಡುವೆ ಕೂರುವ ಹಳೇ ಟ್ಯಾಪೆಟ್‌ಗಳು ನೋಡಲು ಚೆನ್ನಾಗೇ ಇವೆ, ಅವನ್ನೇ ಬಳಸಬಹುದಾ? ರಸ್ತೆಯಲ್ಲಿ ಓಡಿಸುವ ಗಾಡಿ. 6500 ಆರ್‌ಪಿಎಂ ದಾಟಿಸುವುದಿಲ್ಲ.

ಡಯಲ್_ಗೇಜ್

ಕೊನೆಯ ಪ್ರಶ್ನೆಗೆ ಮೊದಲು ಉತ್ತರ. ಹಳೇ ಟ್ಯಾಪೆಟ್ ಬೇಡವೇ ಬೇಡ. ಹೊಸ ಕ್ಯಾಮ್‌ಗೆ ಹೊಸ ಟ್ಯಾಪೆಟ್, ಇದರಲ್ಲಿ ಚೌಕಾಸಿ ಇಲ್ಲ.

ಯಾಕೆ ಅಂತ ಕಣ್ಣಾರೆ ನೋಡಬಹುದು. ಹೊಸ ಟ್ಯಾಪೆಟ್‌ನ ಮುಖದ ಮೇಲೆ ಸ್ಟೀಲ್ ಸ್ಕೇಲ್‌ನ ಅಂಚನ್ನು ನಿಲ್ಲಿಸಿ, ಹಿಂದಿನಿಂದ ಟಾರ್ಚ್ ಬಿಡಿ. ಸ್ಕೇಲ್ ನಡುವೆ ಮಾತ್ರ ತಾಗುತ್ತದೆ, ಎರಡೂ ಅಂಚಿನಲ್ಲಿ ಕೂದಲೆಳೆಯಷ್ಟು ಬೆಳಕು ಕಾಣುತ್ತದೆ. ಹೆಸರಿಗೆ ಫ್ಲಾಟ್ ಟ್ಯಾಪೆಟ್, ಆದರೆ ಮುಖ ಸ್ವಲ್ಪ ಉಬ್ಬಿರುತ್ತದೆ. ನಡುವಿಗೂ ಅಂಚಿಗೂ 0.05 ಎಂಎಂ ಆಸುಪಾಸಿನ ವ್ಯತ್ಯಾಸ. ಲೋಬ್ ಕೂಡ ಅಡ್ಡಕ್ಕೆ ಅತಿ ಸಣ್ಣ ಇಳಿಜಾರಿನಲ್ಲಿ ಗ್ರೈಂಡ್ ಆಗಿರುತ್ತದೆ. ಇವೆರಡೂ ಸೇರಿ ಟ್ಯಾಪೆಟ್ ತನ್ನ ರಂಧ್ರದಲ್ಲಿ ತಿರುಗುತ್ತಾ ಇರುತ್ತದೆ, ಸವೆತ ಒಂದೇ ಜಾಗಕ್ಕೆ ಬೀಳುವುದಿಲ್ಲ. ಹಳೇ ಟ್ಯಾಪೆಟ್‌ನಲ್ಲಿ ಅದೇ ಸ್ಕೇಲ್ ಇಟ್ಟರೆ ಬೆಳಕು ಕಾಣುವುದಿಲ್ಲ, ಅಥವಾ ನಡುವೆಯೇ ಕಾಣುತ್ತದೆ. ಅಂದರೆ ಉಬ್ಬು ಹೋಗಿದೆ. ಅದು ತಿರುಗದೆ ನಿಂತರೆ ಹೊಸ ಲೋಬ್ ಬೇಗ ಸವೆದು ಹಾಳಾಗುತ್ತದೆ.

ಸ್ಪ್ರಿಂಗ್ ಬಗ್ಗೆ: "ಇರೋದರಲ್ಲಿ ಗಟ್ಟಿಯದು" ಅನ್ನುವ ಸಲಹೆಯನ್ನು ನಾನು ಖಂಡಿತ ಒಪ್ಪುವುದಿಲ್ಲ. ನಿಮ್ಮ ಆರ್‌ಪಿಎಂಗೆ ವಾಲ್ವ್ ಹಿಡಿತದಲ್ಲಿರಲು ಎಷ್ಟು ಬೇಕೋ ಅಷ್ಟು, ಅದರ ಮೇಲೆ ಸ್ವಲ್ಪ. ಅಷ್ಟೇ. ಸ್ಪ್ರಿಂಗ್ ಆರಿಸುವ ಮೊದಲು ನಾಲ್ಕು ಅಳತೆ ಬೇಕು: ಇನ್‌ಸ್ಟಾಲ್ಡ್ ಹೈಟ್ (ವಾಲ್ವ್ ಮುಚ್ಚಿದಾಗ ಸ್ಪ್ರಿಂಗ್‌ನ ಎತ್ತರ), ನಿಜವಾದ ವಾಲ್ವ್ ಲಿಫ್ಟ್, ಕಾಯಿಲ್ ಬೈಂಡ್ ಹೈಟ್ (ಸುರುಳಿಗಳು ಒಂದಕ್ಕೊಂದು ಕೂತಾಗಿನ ಎತ್ತರ), ಮತ್ತು ರಿಟೇನರ್ ಕೆಳಗಿಂದ ಗೈಡ್ ಸೀಲ್‌ವರೆಗಿನ ಅಂತರ. ಡಬ್ಬಿಯ ಮೇಲೆ ಬರೆದಿರುವುದು ಸಾಲದು, ನಿಮ್ಮ ಹೆಡ್‌ನಲ್ಲೇ ಅಳೆಯಬೇಕು.

ಏಳುಸಾವಿರ_ಆರ್‌ಪಿಎಂ

ಸರ್, ಗಟ್ಟಿ ಸ್ಪ್ರಿಂಗ್ ಹಾಕಿದರೆ ತಪ್ಪೇನು? ಸ್ಪ್ರಿಂಗ್ ಸಾಲದೆ ವಾಲ್ವ್ ಹಿಡಿತ ತಪ್ಪಿ (ಫ್ಲೋಟ್ ಆಗಿ) ಪಿಸ್ಟನ್‌ಗೆ ಬಡಿಯುವುದಕ್ಕಿಂತ ಅದು ವಾಸಿ ಅಲ್ವಾ? ಹೆಚ್ಚಿನ ಭದ್ರತೆ ಅಂತ ನಾನು ಯಾವಾಗಲೂ ಒಂದು ಮೆಟ್ಟಿಲು ಮೇಲಿನದ್ದೇ ತೆಗೆದುಕೊಳ್ಳುತ್ತೇನೆ.

ಡಯಲ್_ಗೇಜ್

ಫ್ಲೋಟ್ ಬಗ್ಗೆ ನಿಮ್ಮ ಭಯ ಸರಿಯಾದದ್ದೇ. ಆದರೆ ಲೆಕ್ಕ ಹಾಕಿ ನೋಡೋಣ.

ವಾಲ್ವ್ ಮುಚ್ಚಿದಾಗ 40 ಕೆಜಿ ಒತ್ತುವ, ಪ್ರತಿ ಎಂಎಂಗೆ 5 ಕೆಜಿ ಏರುವ ಒಂದು ಸ್ಪ್ರಿಂಗ್ ಇದೆ ಅಂದುಕೊಳ್ಳಿ. 10.5 ಎಂಎಂ ತೆರೆದಾಗ ಒತ್ತಡ 92.5 ಕೆಜಿ. ಇದು ವಾಲ್ವ್ ತುದಿಯಲ್ಲಿ. ಕ್ಯಾಮ್ ಕಡೆಗೆ ಬಂದಾಗ ಇದನ್ನು ರಾಕರ್ ರೇಷಿಯೊದಿಂದ ಗುಣಿಸಬೇಕು. 1.5ರಲ್ಲಿ ಸುಮಾರು 139 ಕೆಜಿ. ಅದೇ ಸ್ಪ್ರಿಂಗ್, ಅದೇ ಲೋಬ್, ಆದರೆ 1.25 ರಾಕರ್ ಇದ್ದರೆ ವಾಲ್ವ್ 8.75 ಎಂಎಂ ಮಾತ್ರ ತೆರೆಯುತ್ತದೆ. ಆಗ ಲೋಬ್ ಮೇಲೆ ಬೀಳುವುದು ಸುಮಾರು 105 ಕೆಜಿ. ಸ್ಪ್ರಿಂಗ್ ಬದಲಾಯಿಸದೆ, ಬರೀ ರಾಕರ್‌ನಿಂದಲೇ ಲೋಬ್ ಮತ್ತು ಪುಶ್ ರಾಡ್ ಮೇಲಿನ ಹೊರೆ ಮೂರನೇ ಒಂದು ಭಾಗ ಏರಿತು. ಇದರ ಮೇಲೆ ಗಟ್ಟಿ ಸ್ಪ್ರಿಂಗ್ ಬೇರೆ ಹಾಕಿದರೆ? ಫ್ಲಾಟ್ ಟ್ಯಾಪೆಟ್ ಮತ್ತು ಲೋಬ್ ತಾಗುವ ಜಾಗ ತುಂಬಾ ಚಿಕ್ಕದು. ಎಣ್ಣೆಯ ಪದರ ಅಲ್ಲಿ ಹರಿದುಹೋಗುತ್ತದೆ.

ಇನ್ನೊಂದು ವಿಷಯ, ಇದನ್ನು ಬಹಳ ಜನ ಗಮನಿಸುವುದಿಲ್ಲ. ಲೋಬ್ ತುದಿಯ ಮೇಲೆ ಹೊರೆ ಅತಿ ಹೆಚ್ಚಿರುವುದು ಹೈ ಆರ್‌ಪಿಎಂನಲ್ಲಿ ಅಲ್ಲ, ಐಡಲ್‌ನಲ್ಲಿ. ವೇಗ ಏರಿದಂತೆ ವಾಲ್ವ್ ಲೋಬ್‌ನ ಹಿಡಿತ ಬಿಟ್ಟು ಹಾರಲು ನೋಡುತ್ತದೆ, ಸ್ಪ್ರಿಂಗ್‌ನ ಬಲದ ಒಂದು ಪಾಲು ಅದನ್ನು ತಡೆಯುವುದಕ್ಕೇ ಹೋಗುತ್ತದೆ. ಐಡಲ್‌ನಲ್ಲಿ ಇಡೀ ಬಲ ಲೋಬ್ ತುದಿಯ ಮೇಲೇ ಕೂರುತ್ತದೆ, ಎಣ್ಣೆ ಎರಚುವುದೂ ಆಗ ಕಡಿಮೆ. ರಸ್ತೆ ಗಾಡಿ ಸಿಗ್ನಲ್‌ನಲ್ಲಿ ನಿಲ್ಲುತ್ತದೆ. ರೇಸ್ ಗಾಡಿ ನಿಲ್ಲುವುದಿಲ್ಲ. ಅದಕ್ಕೇ ರೇಸ್ ಸ್ಪ್ರಿಂಗ್ ರಸ್ತೆ ಗಾಡಿಗೆ ಆಗಿಬರುವುದಿಲ್ಲ.

ಫ್ಲೋಟ್ ತಡೆಯಲು ಒತ್ತಡ ಏರಿಸುವುದಕ್ಕಿಂತ ತೂಕ ಇಳಿಸುವುದು ಒಳ್ಳೆಯ ದಾರಿ. ಅದೂ ರಾಕರ್‌ನ ವಾಲ್ವ್ ಕಡೆ. ಟ್ಯಾಪೆಟ್ ಕಡೆಯ ತೂಕ ವಾಲ್ವ್ ಕಡೆಗೆ ಲೆಕ್ಕಕ್ಕೆ ಬರುವಾಗ ರೇಷಿಯೊದ ವರ್ಗದಿಂದ ಭಾಗವಾಗುತ್ತದೆ. 1.5 ರಾಕರ್‌ನಲ್ಲಿ ಟ್ಯಾಪೆಟ್‌ನ 10 ಗ್ರಾಂ ವಾಲ್ವ್ ಕಡೆ ಸುಮಾರು 4.4 ಗ್ರಾಂಗೆ ಸಮ. ರಿಟೇನರ್‌ನ 10 ಗ್ರಾಂ ಮಾತ್ರ ಪೂರ್ತಿ 10 ಗ್ರಾಂ.

ನಿಮ್ಮ ಹೆಸರಲ್ಲೇ ಏಳು ಸಾವಿರ ಇದೆ, ಅದಕ್ಕೆ ಇದನ್ನೂ ಹೇಳುತ್ತೇನೆ. ವಾಲ್ವ್ ಅನ್ನು ಹಾರಿಸಲು ನೋಡುವ ಬಲ ಆರ್‌ಪಿಎಂನ ವರ್ಗದ ಲೆಕ್ಕದಲ್ಲಿ ಏರುತ್ತದೆ. 6000ದಿಂದ 7000ಕ್ಕೆ ಹೋದರೆ 36 ಪರ್ಸೆಂಟ್ ಜಾಸ್ತಿ. ಹಾಗಾಗಿ ನಿಮಗೆ ಬೇಕಾದ ಸ್ಪ್ರಿಂಗ್ ಬೇರೆ, ಕೇಳಿದವರಿಗೆ ಬೇಕಾದದ್ದು ಬೇರೆ.

ಏಳುಸಾವಿರ_ಆರ್‌ಪಿಎಂ

ಐಡಲ್ ವಿಷಯ ಹೊಳೆದೇ ಇರಲಿಲ್ಲ. ಆದರೂ ರೇಸಿಗೆ ನಾನು ಹೇಳಿದ್ದೇ ಸರಿ ಅನ್ನುತ್ತೇನೆ.

ಡಯಲ್_ಗೇಜ್

ರೇಸಿಗೆ ಸರಿ. ಅಲ್ಲಿ ಕ್ಯಾಮ್, ಟ್ಯಾಪೆಟ್ ಆಗಾಗ ಬದಲಾಗುತ್ತವೆ.

ಹೆಡ್_ಕೆಲಸ

ನಾನು ಹೆಡ್ ಮೆಷಿನಿಂಗ್ ಮಾಡುವವನು, ನನ್ನ ಪಾಲಿನದ್ದು ಹೇಳುತ್ತೇನೆ.

ಇನ್‌ಸ್ಟಾಲ್ಡ್ ಹೈಟ್ ಪ್ರತಿ ವಾಲ್ವ್‌ಗೂ ಬೇರೆ ಬೇರೆ ಬರುತ್ತದೆ. ವಾಲ್ವ್ ಸೀಟ್ ಎಷ್ಟು ಸಲ ಕಟ್ ಆಗಿದೆ ಅನ್ನುವುದರ ಮೇಲೆ ಹೋಗುತ್ತದೆ. ಸೀಟ್ ಕೆಳಗಿಳಿದಷ್ಟೂ ವಾಲ್ವ್ ಕಾಂಡ ಮೇಲೇಳುತ್ತದೆ, ಸ್ಪ್ರಿಂಗ್ ಸಡಿಲವಾಗುತ್ತದೆ. ಹಾಗಾಗಿ ಎಂಟೂ ವಾಲ್ವ್ ಅಳೆಯಿರಿ. ಅತಿ ಕಡಿಮೆ ಬಂದದ್ದನ್ನು ಹಿಡಿದು, ಉಳಿದವಕ್ಕೆ ಸ್ಪ್ರಿಂಗ್ ಕೆಳಗೆ ಶಿಮ್ (ತೆಳು ಬಿಲ್ಲೆ) ಹಾಕಿ ಸಮ ಮಾಡಿ. ಶಿಮ್ ಹಾಕಿದಷ್ಟೂ ಕಾಯಿಲ್ ಬೈಂಡ್ ಹತ್ತಿರ ಬರುತ್ತದೆ ಅನ್ನುವುದು ನೆನಪಿರಲಿ. ಪೂರ್ತಿ ತೆರೆದಾಗ ಕಾಯಿಲ್‌ಗಳು ಒಂದಕ್ಕೊಂದು ಕೂರುವ ಮೊದಲು ಒಟ್ಟು 1.5 ಎಂಎಂ ಉಳಿಯಬೇಕು. ರಿಟೇನರ್ ಮತ್ತು ಸೀಲ್ ನಡುವೆಯೂ ಕನಿಷ್ಠ ಅಷ್ಟೇ. ಅಷ್ಟು ಇಲ್ಲದಿದ್ದರೆ ಗೈಡ್‌ನ ಮೇಲ್ತುದಿ ಕತ್ತರಿಸಿ ಇಳಿಸಬಹುದು. ಇದು ಸಾಮಾನ್ಯ ಕೆಲಸ.

ಆದರೆ ಸ್ಪ್ರಿಂಗ್ ಕೂರುವ ಜಾಗವನ್ನು ಕೊರೆಯುವಾಗ ತುಂಬಾ ಹುಷಾರು. ಹಳೇ ಎರಕದ ಹೆಡ್‌ಗಳಲ್ಲಿ ಅದರ ಕೆಳಗೇ ನೀರಿನ ಜಾಕೆಟ್ ಇರುತ್ತದೆ, ಗೋಡೆ ಎಷ್ಟು ದಪ್ಪ ಅಂತ ಮೇಲಿಂದ ಗೊತ್ತಾಗುವುದಿಲ್ಲ. ಒಳಗಿನಿಂದ ತುಕ್ಕು ತಿಂದಿದ್ದರಂತೂ ಮುಗಿಯಿತು.

ರಿಟೇನರ್: 6500ಕ್ಕೆ ಒಳ್ಳೆಯ ಕ್ರೋಮ್ ಮಾಲಿ ಸ್ಟೀಲ್ ಸಾಕು. ಟೈಟಾನಿಯಂ ಹಗುರ ನಿಜ, ಆದರೆ ಸ್ಪ್ರಿಂಗ್ ಉಜ್ಜುವ ಜಾಗದಲ್ಲಿ ಬೇಗ ಸವೆಯುತ್ತದೆ. ಆಗಾಗ ಬಿಚ್ಚಿ ನೋಡುವವರಿಗೆ ಅದು. ರಿಟೇನರ್ ಅನ್ನು ವಾಲ್ವ್ ಕಾಂಡಕ್ಕೆ ಹಿಡಿಸುವ ಎರಡು ಅರ್ಧಗಳ ಲಾಕ್ ಮತ್ತು ರಿಟೇನರ್ ಒಂದೇ ಕೋನದವು ಇರಬೇಕು. 7 ಡಿಗ್ರಿಯ ಲಾಕ್ 10 ಡಿಗ್ರಿ ರಿಟೇನರ್‌ಗೆ ಕೂರಿಸಬಾರದು. ಬಿಗಿದು ಹಿಡಿಯುವ ಒಂದೇ ತೋಡಿನ (ಗ್ರೂವ್) ಲಾಕ್ ಆದರೆ, ಕೂರಿಸಿದ ಮೇಲೆ ಎರಡು ಅರ್ಧಗಳ ನಡುವೆ ಸಣ್ಣ ಸಂದು ಉಳಿಯಬೇಕು. ಎರಡೂ ತಾಗಿದರೆ ಕಾಂಡವನ್ನು ಬಿಗಿಯಾಗಿ ಹಿಡಿದಿಲ್ಲ ಅಂತ ಅರ್ಥ. ಹಲವು ತೋಡು ಇರುವ ಲಾಕ್‌ಗೆ ಈ ಮಾತು ಬರುವುದಿಲ್ಲ, ಅದರಲ್ಲಿ ಅರ್ಧಗಳು ತಾಗಬೇಕು, ವಾಲ್ವ್ ತಿರುಗಲೆಂದೇ ಹಾಗೆ ಮಾಡಿರುತ್ತಾರೆ.

ಪೋರ್ಟ್_ಗಾಳಿ

ಒಂದು ಮೂಲ ಪ್ರಶ್ನೆ. 10.5 ಎಂಎಂ ನಿಜವಾಗಿ ಬೇಕಾ? ವಾಲ್ವ್ ವ್ಯಾಸದ ಕಾಲು ಭಾಗ ತೆರೆದಾಗ, ವಾಲ್ವ್ ಸುತ್ತಲಿನ ತೆರಪು ವಾಲ್ವ್‌ನ ವಿಸ್ತೀರ್ಣಕ್ಕೆ ಸಮ ಆಗುತ್ತದೆ. 35.7ಕ್ಕೆ ಅದು ಸುಮಾರು 8.9 ಎಂಎಂ. ಆಮೇಲೆ ಗಾಳಿಯನ್ನು ತಡೆಯುವುದು ಪೋರ್ಟ್. ಎ-ಸೀರೀಸ್‌ನಲ್ಲಿ ನಾಲ್ಕು ಸಿಲಿಂಡರ್‌ಗೆ ಎರಡೇ ಇನ್‌ಟೇಕ್ ಪೋರ್ಟ್ ಬೇರೆ.

ಡಯಲ್_ಗೇಜ್

ಒಳ್ಳೆಯ ಪ್ರಶ್ನೆ. ತುದಿಯ ಲಿಫ್ಟ್‌ಗಿಂತ, ವಾಲ್ವ್ ಎಷ್ಟು ಹೊತ್ತು 7-8 ಎಂಎಂ ಮೇಲೆ ಇರುತ್ತದೆ ಅನ್ನುವುದೇ ಲಾಭ. ರೇಷಿಯೊ ಏರಿಸಿದರೆ ವಾಲ್ವ್ ವೇಗವಾಗಿ ತೆರೆದು ವೇಗವಾಗಿ ಮುಚ್ಚುತ್ತದೆ, ಡ್ಯುರೇಶನ್ (ವಾಲ್ವ್ ತೆರೆದಿರುವ ಒಟ್ಟು ಅವಧಿ) ಹೆಚ್ಚಿಸದೆಯೇ ಉಸಿರಾಟ ಸುಧಾರಿಸುತ್ತದೆ. ಹಾಗಾಗಿ ಮೃದು ಕ್ಯಾಮ್ ಜೊತೆ 1.5 ರಾಕರ್ ರಸ್ತೆಗೆ ಚೆನ್ನಾಗಿ ಹೊಂದುತ್ತದೆ. 7 ಎಂಎಂ ಲೋಬ್ ಜೊತೆ ಹಾಕಿದಾಗ ಲಾಭ ಕಡಿಮೆ, ಹೊರೆ ಜಾಸ್ತಿ. ನನ್ನನ್ನು ಕೇಳಿದರೆ ಈ ಕ್ಯಾಮ್‌ಗೆ ಮೂಲ ರಾಕರ್‌ನಲ್ಲಿ ಬರುವ 8.75 ಎಂಎಂ ರಸ್ತೆಗೆ ಧಾರಾಳ. ಆದರೆ ಕೇಳಿದವರು ರಾಕರ್ ತೆಗೆದುಕೊಂಡಾಗಿದೆಯಾ?

ಹಳೇಗಾಡಿ_1275

ತೆಗೆದುಕೊಂಡಾಗಿದೆ ಸರ್. ರೋಲರ್ ತುದಿಯ 1.5 ರಾಕರ್, ಶಾಫ್ಟ್ ಸಮೇತ.

ವಿ8_ಮನುಷ್ಯ

ನಮ್ಮ ಕಡೆಯದ್ದೂ ಸೇರಿಸುತ್ತೇನೆ, ಓದುವವರಲ್ಲಿ ಸ್ಮಾಲ್ ಬ್ಲಾಕ್ ಷೆವ್ರೊಲೆ ಇರುವವರೂ ಇರಬಹುದು. ಆ ಇಂಜಿನ್ 1955ರಿಂದ ಇದೆ, ರಾಕರ್ ರೇಷಿಯೊ 1.5. ಹಳೇ ಹೆಡ್‌ಗಳಲ್ಲಿ ರಾಕರ್ ಸ್ಟಡ್‌ಗಳು ಬರೀ ಒತ್ತಿ ಕೂರಿಸಿದವು. ಗಟ್ಟಿ ಸ್ಪ್ರಿಂಗ್ ಹಾಕಿದರೆ ನಿಧಾನಕ್ಕೆ ಮೇಲೇಳುತ್ತವೆ. ಹೈ ಲಿಫ್ಟ್ ಕ್ಯಾಮ್ ಹಾಕುವಾಗ ತಿರುಗಿಸಿ ಬಿಗಿಯುವ (ಸ್ಕ್ರೂ-ಇನ್) ಸ್ಟಡ್ ಹಾಕಿಸಿಕೊಳ್ಳಿ. ಇನ್ನು ಪ್ರೆಸ್ ಮಾಡಿದ ಸ್ಟೀಲ್ ರಾಕರ್‌ನಲ್ಲಿ ಸ್ಟಡ್ ತೂರುವ ಸೀಳು ಉದ್ದ ಸಾಲದು. ಪೂರ್ತಿ ತೆರೆದಾಗ ಸೀಳಿನ ಅಂಚು ಸ್ಟಡ್‌ಗೆ ತಾಗುತ್ತದೆ. ಪೇಪರ್ ಕ್ಲಿಪ್ ನೆಟ್ಟಗೆ ಮಾಡಿ ಆ ಸಂದಿಗೆ ತೂರಿಸಿ ನೋಡಿ. ತೂರದಿದ್ದರೆ ಉದ್ದ ಸೀಳಿನ ರಾಕರ್ ಬೇಕೇ ಬೇಕು.

ಟ್ಯಾಪೆಟ್ ವ್ಯಾಸವೂ ಮುಖ್ಯ. ಷೆವ್ರೊಲೆಯದು 0.842 ಇಂಚು, ಕ್ರೈಸ್ಲರ್‌ನದು 0.904. ಅಗಲ ಮುಖಕ್ಕೆ ಲೋಬ್ ಇನ್ನಷ್ಟು ವೇಗವಾಗಿ ಎತ್ತಬಹುದು. ಅಗಲ ಟ್ಯಾಪೆಟ್‌ಗೆ ಬರೆದ ಲೋಬ್ ಆಕಾರವನ್ನು ಕಿರಿದಾದ ಟ್ಯಾಪೆಟ್‌ಗೆ ಗ್ರೈಂಡ್ ಮಾಡಿಸಿದರೆ ಲೋಬ್ ಟ್ಯಾಪೆಟ್‌ನ ಅಂಚಿಗೆ ಹೋಗಿ ಕೊರೆಯುತ್ತದೆ.

ಕೆಂಟ್_ಇಂಜಿನ್

ಫೋರ್ಡ್ ಕೆಂಟ್ ಇಟ್ಟುಕೊಂಡವರು ಗಮನಿಸಿ: ಟ್ಯಾಪೆಟ್ ಕೆಳಗಿಂದ ಕೂರುತ್ತದೆ. ಇಂಜಿನ್ ತಲೆಕೆಳಗೆ ಮಾಡದೆ ಕ್ಯಾಮ್ ಬದಲಾಯಿಸಲು ಆಗುವುದಿಲ್ಲ. ಹಾಗಾಗಿ ಅಳತೆಗಳೆಲ್ಲ ಮುಗಿದ ಮೇಲೇ ಜೋಡಿಸಿ.

ಹಳೇಗಾಡಿ_1275

ಎಲ್ಲರಿಗೂ ಧನ್ಯವಾದ. ಪುಶ್ ರಾಡ್ ಬಗ್ಗೆ ಯಾರಾದರೂ ಹೇಳಿ. ಉದ್ದ ಸರಿ ಇದೆಯಾ ಅಂತ ಹೇಗೆ ನೋಡುವುದು?

ಡಯಲ್_ಗೇಜ್

ಇದು ನಿಧಾನವಾಗಿ ಮಾಡುವ ಕೆಲಸ. ಎರಡು ಮೃದು ಚೆಕಿಂಗ್ ಸ್ಪ್ರಿಂಗ್ ತೆಗೆದುಕೊಳ್ಳಿ, ಬೆರಳಲ್ಲಿ ಒತ್ತಿದರೆ ಬಗ್ಗುವಂಥವು. ಒಂದು ಸಿಲಿಂಡರ್‌ನ ಎರಡು ವಾಲ್ವ್‌ಗೆ ಅವನ್ನೇ ಹಾಕಿ. ವಾಲ್ವ್ ಕಾಂಡದ ತುದಿಗೆ ಮಾರ್ಕರ್ ಬಳಿಯಿರಿ. ರಾಕರ್ ಕೂರಿಸಿ, ಕ್ಲಿಯರೆನ್ಸ್ (ರಾಕರ್ ಮತ್ತು ವಾಲ್ವ್ ತುದಿಯ ನಡುವಿನ ಸಂದು) ಇಟ್ಟು, ಇಂಜಿನ್ ಅನ್ನು ಕೈಯಲ್ಲಿ ಕೆಲವು ಸುತ್ತು ತಿರುಗಿಸಿ. ರಾಕರ್ ಬಿಚ್ಚಿ ನೋಡಿ.

ಮಾರ್ಕರ್ ಅಳಿಸಿಹೋದ ಗೆರೆ ಕಾಣುತ್ತದೆ. ಆ ಗೆರೆಯ ಅಗಲವೇ ಮುಖ್ಯ. ಕಿರಿದಾಗಿದ್ದರೆ ಜ್ಯಾಮಿತಿ ಸರಿ ಇದೆ. ಅಗಲ ಇದ್ದರೆ ರಾಕರ್ ಕಾಂಡದ ಮೇಲೆ ಜಾಸ್ತಿ ಉಜ್ಜುತ್ತಿದೆ, ಗೈಡ್ ಅಡ್ಡಕ್ಕೆ ಸವೆಯುತ್ತದೆ. ಗೆರೆ ನಡುವೆ ಬರಲಿ ಅಂತ ಎಲ್ಲರೂ ಒದ್ದಾಡುತ್ತಾರೆ. ನಡುವೆ ಬರುವುದಕ್ಕಿಂತ ಕಿರಿದಾಗಿರುವುದು ಮುಖ್ಯ, ಇದು ನನ್ನ ಗಟ್ಟಿ ಅಭಿಪ್ರಾಯ. ಅರ್ಧ ಲಿಫ್ಟ್‌ನಲ್ಲಿ ರಾಕರ್‌ನ ನಡುಬಿಂದುವಿನಿಂದ ರೋಲರ್ ನಡುವಿಗೆ ಎಳೆದ ಗೆರೆ ವಾಲ್ವ್ ಕಾಂಡಕ್ಕೆ ಲಂಬವಾಗಿರಬೇಕು. ನಿಮ್ಮದು ಶಾಫ್ಟ್ ರಾಕರ್. ಹಾಗಾಗಿ ಮೊದಲು ಪೆಡೆಸ್ಟಲ್ (ಶಾಫ್ಟ್ ಹೊರುವ ಕಂಬ) ಕೆಳಗೆ ಶಿಮ್ ಹಾಕಿ ಶಾಫ್ಟ್‌ನ ಎತ್ತರ ಸರಿ ಮಾಡಿ, ಆಮೇಲೆ ಪುಶ್ ರಾಡ್ ಉದ್ದ ನೋಡಿ. ಹೆಡ್‌ನ ತಳ (ಸ್ಕಿಮ್) ಅಥವಾ ಬ್ಲಾಕ್‌ನ ಮೇಲ್ಮೈ (ಡೆಕ್) ಮೆಷಿನ್‌ನಲ್ಲಿ ಕೆರೆದಿದ್ದರೆ ಹಳೇ ಪುಶ್ ರಾಡ್ ಉದ್ದ ಆಗಿಬಿಡುತ್ತದೆ. ಟ್ಯಾಪೆಟ್ ಸ್ಕ್ರೂ ಬಹುತೇಕ ಪೂರ್ತಿ ಮೇಲೆ ಬಂದಿದ್ದರೆ ಅದೇ ಗುರುತು.

ಪುಶ್ ರಾಡ್‌ನಲ್ಲಿ ಗಟ್ಟಿತನಕ್ಕೆ ಮೊದಲ ಮಣೆ, ತೂಕ ಆಮೇಲೆ. ಅದು ಟ್ಯಾಪೆಟ್ ಕಡೆಯ ತೂಕ, ಮೇಲೆ ಹೇಳಿದ ಲೆಕ್ಕ ನೋಡಿ. ಬಗ್ಗುವ ಪುಶ್ ರಾಡ್ ಮೊದಲು ಲಿಫ್ಟ್ ತಿನ್ನುತ್ತದೆ, ಆಮೇಲೆ ನೆಟ್ಟಗಾಗುವಾಗ ವಾಲ್ವ್ ಅನ್ನು ಎಸೆಯುತ್ತದೆ. ಅಂಥ ಇಂಜಿನ್‌ಗೆ ಎಷ್ಟು ಗಟ್ಟಿ ಸ್ಪ್ರಿಂಗ್ ಹಾಕಿದರೂ ಫ್ಲೋಟ್ ನಿಲ್ಲುವುದಿಲ್ಲ.

ಎಕ್ಸ್‌ಕೆ_ಆರು

ಜಾಗ್ವಾರ್ ಎಕ್ಸ್‌ಕೆ ಇಂಜಿನ್‌ಗೆ ಇದರಲ್ಲಿ ಎಷ್ಟು ಅನ್ವಯ? ಪುಶ್ ರಾಡೇ ಇಲ್ಲ.

ಹೆಡ್_ಕೆಲಸ

ರಾಕರ್, ಪುಶ್ ರಾಡ್ ಬಿಟ್ಟು ಉಳಿದದ್ದೆಲ್ಲ ಅನ್ವಯ. ಅದರಲ್ಲಿ ಲೋಬ್ ಎಷ್ಟೋ ವಾಲ್ವ್ ಲಿಫ್ಟ್ ಅಷ್ಟೇ, 3/8 ಇಂಚಿನ ಕ್ಯಾಮ್ ಅಂದರೆ 9.5 ಎಂಎಂ. ನೋಡಬೇಕಾದ್ದು ಮೂರು. ಲೋಬ್ ತುದಿ ಬಕೆಟ್ (ಬಟ್ಟಲಿನಾಕಾರದ ಟ್ಯಾಪೆಟ್) ಗೈಡ್‌ನ ಅಂಚಿಗೆ ತಾಗಬಾರದು. ಕ್ಯಾಮ್ ರಿಗ್ರೈಂಡ್ ಆಗಿದ್ದರೆ ಬೇಸ್ ಸರ್ಕಲ್ (ಲೋಬ್‌ನ ಉಬ್ಬಿಲ್ಲದ ದುಂಡು ಭಾಗ) ಚಿಕ್ಕದಾಗಿರುತ್ತದೆ, ದಪ್ಪ ಶಿಮ್ ಬೇಕು. ಇನ್ನು ಆ ಅಲ್ಯೂಮಿನಿಯಂ ಹೆಡ್‌ನಲ್ಲಿ ಟ್ಯಾಪೆಟ್ ಗೈಡ್ ಸಡಿಲವಾಗಿ ಮೇಲೇಳುವ ರೋಗ ಇದೆ. ಅದನ್ನು ಒತ್ತಿ ಹಿಡಿಯುವ ಪಟ್ಟಿಗಳು ಸಿಗುತ್ತವೆ, ಹೆಡ್ ಬಿಚ್ಚಿದಾಗಲೇ ಹಾಕಿಬಿಡಿ.

ಏಳುಸಾವಿರ_ಆರ್‌ಪಿಎಂ

ಪಿಸ್ಟನ್ ಮತ್ತು ವಾಲ್ವ್ ನಡುವಿನ ಅಂತರ ಯಾರೂ ಹೇಳಲಿಲ್ಲ. ಇನ್‌ಟೇಕ್ 2 ಎಂಎಂ, ಎಕ್ಸಾಸ್ಟ್ 2.5 ಎಂಎಂ ಇಟ್ಟುಕೊಳ್ಳಿ. ಪಿಸ್ಟನ್ ಮತ್ತು ವಾಲ್ವ್ ಹತ್ತಿರ ಬರುವುದು ಪೂರ್ತಿ ಲಿಫ್ಟ್‌ನಲ್ಲಿ ಅಲ್ಲ, ಎರಡೂ ವಾಲ್ವ್ ಸ್ವಲ್ಪ ತೆರೆದಿರುವ ಓವರ್‌ಲ್ಯಾಪ್‌ನಲ್ಲಿ. ಎಕ್ಸಾಸ್ಟ್‌ಗೆ ಟಿಡಿಸಿ (ಪಿಸ್ಟನ್ ತುತ್ತತುದಿಗೆ ಬಂದ ಜಾಗ) ಮೊದಲಿನ 5ರಿಂದ 15 ಡಿಗ್ರಿ, ಇನ್‌ಟೇಕ್‌ಗೆ ಟಿಡಿಸಿ ಆದ ಮೇಲೆ ಅಷ್ಟೇ. ಎಕ್ಸಾಸ್ಟ್‌ಗೆ ಜಾಸ್ತಿ ಯಾಕೆಂದರೆ ಅಲ್ಲಿ ಪಿಸ್ಟನ್ ವಾಲ್ವ್‌ನ ಹಿಂದೆ ಓಡಿ ಬರುತ್ತದೆ, ವಾಲ್ವ್ ತಡ ಮಾಡಿದರೆ ಬಡಿತ. ಕ್ಯಾಮ್ ಅಡ್ವಾನ್ಸ್ ಮಾಡಿದರೆ (ವಾಲ್ವ್ ಮೊದಲೇ ತೆರೆಯುವಂತೆ ಕೂರಿಸಿದರೆ) ಇನ್‌ಟೇಕ್ ಕಡೆ ಅಂತರ ಕಡಿಮೆ ಆಗುತ್ತದೆ, ರಿಟಾರ್ಡ್ ಮಾಡಿದರೆ (ತಡವಾಗಿಸಿದರೆ) ಎಕ್ಸಾಸ್ಟ್ ಕಡೆ. ಡಿಗ್ರಿ ವೀಲ್ ಹಾಕಿ ಟೈಮಿಂಗ್ ಕೂರಿಸಿದ ಮೇಲೇ ಈ ಅಳತೆ.

ಇನ್ನೊಂದು: 998 ಸಿಸಿ ಬ್ಲಾಕ್ ಮೇಲೆ 1275ರ ಹೆಡ್ ಕೂರಿಸುವವರಿಗೆ ಎಕ್ಸಾಸ್ಟ್ ವಾಲ್ವ್ ಬ್ಲಾಕ್‌ನ ಅಂಚಿಗೇ ಬಡಿಯುತ್ತದೆ. ಬ್ಲಾಕ್‌ನಲ್ಲಿ ಗುಳಿ ತೆಗೆಸಬೇಕು.

ಹಳೇಗಾಡಿ_1275

ಅಳತೆ ಮುಗಿಸಿದೆ. ಪಿಸ್ಟನ್ ಅಂತರ ಎರಡೂ ಕಡೆ ಧಾರಾಳ ಇದೆ. ರಾಕರ್‌ನ ನಿಜ ರೇಷಿಯೊ 1.5 ಅಲ್ಲ, ಕ್ಲಿಯರೆನ್ಸ್ ಸೊನ್ನೆ ಇಟ್ಟು ಅಳೆದರೆ ಲಿಫ್ಟ್ 10.1 ಬಂತು, ಅಂದರೆ ಸುಮಾರು 1.44. ಇನ್‌ಸ್ಟಾಲ್ಡ್ ಹೈಟ್ 36 ಎಂಎಂ. ಅವರು ಕೊಟ್ಟ ಗಟ್ಟಿ ಸ್ಪ್ರಿಂಗ್‌ನ ಕಾಯಿಲ್ ಬೈಂಡ್ 24.8. ಹಾಗಾದರೆ ಉಳಿಯುವುದು 1.1 ಎಂಎಂ ಮಾತ್ರ. ಸ್ಪ್ರಿಂಗ್ ಕೂರುವ ಜಾಗ ಅರ್ಧ ಎಂಎಂ ಕೊರೆಸಲಾ?

ಹೆಡ್_ಕೆಲಸ

ಬೇಡ. ಸ್ಪ್ರಿಂಗ್ ಬದಲಾಯಿಸಿ.

ಡಯಲ್_ಗೇಜ್

ನಾನೂ ಅದನ್ನೇ ಹೇಳುತ್ತೇನೆ. ನಿಮ್ಮ ಕ್ಯಾಮ್ ಕಾರ್ಡ್‌ನಲ್ಲಿ (ಕ್ಯಾಮ್ ಜೊತೆ ಬರುವ ಅಳತೆಯ ಚೀಟಿ) ಕೇಳಿರುವ ಸೀಟ್ ಒತ್ತಡ, ಅಂದರೆ ವಾಲ್ವ್ ಮುಚ್ಚಿದಾಗಿನ ಒತ್ತಡ, 36 ಎಂಎಂನಲ್ಲಿ ಕೊಡುವ, ಕಾಯಿಲ್ ಬೈಂಡ್ 24.4ಕ್ಕಿಂತ ಕಡಿಮೆ ಇರುವ ಸ್ಪ್ರಿಂಗ್ ಹುಡುಕಿ. ತೆಳು ತಂತಿಯ ಸ್ಪ್ರಿಂಗ್ ಸಿಗುತ್ತದೆ, 6500ಕ್ಕೆ ಅದು ಸಾಕು. ಎತ್ತರಿಸಿದ ರಿಟೇನರ್ ಹಾಕುವ ದಾರಿಯೂ ಇದೆ, ಆದರೆ ಆಗ ರಾಕರ್‌ನ ಹೊಟ್ಟೆ ರಿಟೇನರ್ ಅಂಚಿಗೆ ತಾಗುತ್ತದಾ ಅಂತ ನೋಡಬೇಕು.

ರನ್ ಇನ್ (ಹೊಸ ಕ್ಯಾಮ್ ಮತ್ತು ಟ್ಯಾಪೆಟ್ ಪಳಗಿಸುವ ಮೊದಲ ಓಟ) ಬಗ್ಗೆಯೂ ಈಗಲೇ ಹೇಳಿಬಿಡುತ್ತೇನೆ, ಕ್ಯಾಮ್‌ಗಳು ಸಾಯುವುದು ಹೆಚ್ಚಾಗಿ ಮೊದಲ ಅರ್ಧ ಗಂಟೆಯಲ್ಲಿ. ಲೋಬ್ ಮತ್ತು ಟ್ಯಾಪೆಟ್ ಮುಖಕ್ಕೆ ಅಸೆಂಬ್ಲಿ ಪೇಸ್ಟ್, ಟ್ಯಾಪೆಟ್‌ನ ಪಕ್ಕಗಳಿಗೆ ಬರೀ ಎಣ್ಣೆ. ಪಕ್ಕಕ್ಕೂ ಪೇಸ್ಟ್ ಮೆತ್ತಿದರೆ ಅದು ತಿರುಗುವುದಿಲ್ಲ. ಡಬಲ್ ಸ್ಪ್ರಿಂಗ್ ಆದರೆ ಒಳಗಿನದು ತೆಗೆದಿಟ್ಟು ಶುರು ಮಾಡಿ. ಆಯಿಲ್ ಪ್ರೆಷರ್ ಮೊದಲೇ ಬರಿಸಿಕೊಳ್ಳಿ. ಇಗ್ನಿಷನ್ ಟೈಮಿಂಗ್, ಕಾರ್ಬ್ಯುರೇಟರ್‌ಗೆ ಪೆಟ್ರೋಲ್ ಎಲ್ಲ ಸಿದ್ಧ ಇರಲಿ, ಸ್ಟಾರ್ಟರ್ ಹೊಡೆಯುತ್ತಾ ಕೂರಬಾರದು. ಸ್ಟಾರ್ಟ್ ಆದ ತಕ್ಷಣ 2000-2500 ಆರ್‌ಪಿಎಂ, 20ರಿಂದ 30 ನಿಮಿಷ. ವೇಗ ಸ್ವಲ್ಪ ಏರಿಸಿ ಇಳಿಸಿ, ಐಡಲ್‌ಗೆ ಬಿಡಬೇಡಿ. ಪುಶ್ ರಾಡ್‌ಗಳ ಮೇಲ್ತುದಿಗೆ ಮೊದಲೇ ಒಂದು ಬಣ್ಣದ ಚುಕ್ಕೆ ಇಡಿ, ರಾಕರ್ ಕವರ್ ತೆಗೆದು ನೋಡಿದರೆ ಚುಕ್ಕೆ ತಿರುಗುವುದು ಕಾಣುತ್ತದೆ. ಯಾವುದಾದರೂ ಒಂದು ನಿಂತೇ ಇದ್ದರೆ ಇಂಜಿನ್ ಆಫ್ ಮಾಡಿ.

ಎಣ್ಣೆಯಲ್ಲಿ ಜಿಂಕ್, ಫಾಸ್ಫರಸ್ ಇರುವ, ಸವೆತ ತಡೆಯುವ ಝಡ್‌ಡಿಡಿಪಿ ಬೇಕು. ಕೆಟಲಿಟಿಕ್ ಕನ್ವರ್ಟರ್ ಉಳಿಸಲು 2004ರಲ್ಲಿ ಬಂದ ಇಂಜಿನ್ ಎಣ್ಣೆಯ ಜಿಎಫ್-4 ಮಾನದಂಡ, ತೆಳು ಗ್ರೇಡ್‌ಗಳಲ್ಲಿ ಫಾಸ್ಫರಸ್ ಅನ್ನು 800 ಪಿಪಿಎಂಗೆ ಇಳಿಸಿತು. ಫ್ಲಾಟ್ ಟ್ಯಾಪೆಟ್‌ಗೆ 1000ದಿಂದ 1400 ಇರುವ 20ಡಬ್ಲ್ಯು-50 ಹುಡುಕಿ. ಮಿನಿಯಲ್ಲಿ ಗೇರ್‌ಬಾಕ್ಸ್‌ಗೂ ಅದೇ ಎಣ್ಣೆ, ಗೇರ್‌ಗಳು ಅದನ್ನು ಅರೆದು ತೆಳು ಮಾಡುತ್ತವೆ. ರನ್ ಇನ್ ಆದ ಕೂಡಲೇ ಬದಲಾಯಿಸಿ, ಆಮೇಲೂ ತಡ ಮಾಡಬೇಡಿ.

ಹಳೇಗಾಡಿ_1275

ಆಯಿತು ಸರ್, ಬೇರೆ ಸ್ಪ್ರಿಂಗ್‌ಗೆ ಹೇಳಿದ್ದೇನೆ. ರನ್ ಇನ್ ಆದ ಮೇಲೆ ಕ್ಲಿಯರೆನ್ಸ್ ಮತ್ತೆ ನೋಡಬೇಕಲ್ವಾ?

ಡಯಲ್_ಗೇಜ್

ನೋಡಲೇಬೇಕು. ಹೆಡ್ ಮತ್ತೆ ಟಾರ್ಕ್ ಮಾಡಿ, ಒಳಗಿನ ಸ್ಪ್ರಿಂಗ್ ಹಾಕಿ, ಆಮೇಲೆ ಎಂಟೂ ಸೆಟ್ ಮಾಡಿ. ಒಂಬತ್ತರ ಲೆಕ್ಕ ನಿಮ್ಮ ಇಂಜಿನ್‌ಗೆ ಸಲೀಸು. 8ನೇ ವಾಲ್ವ್ ಪೂರ್ತಿ ತೆರೆದಾಗ 1ನೆಯದು, 6 ತೆರೆದಾಗ 3, ಹೀಗೆ ಎರಡೂ ಸೇರಿ 9 ಆಗಬೇಕು. ಎಷ್ಟು ಇಡಬೇಕು ಅನ್ನುವುದು ಕ್ಯಾಮ್ ಕಾರ್ಡ್‌ನಲ್ಲಿದೆ, ಕಾರಿನ ಪುಸ್ತಕದ ಅಳತೆ ಈ ಕ್ಯಾಮ್‌ಗೆ ಅಲ್ಲ. ಸೆಟ್ ಮಾಡುವ ಮೊದಲು ಎಷ್ಟಿತ್ತು ಅಂತ ಪ್ರತಿ ಸಲ ಬರೆದಿಡಿ. ಒಂದೇ ವಾಲ್ವ್ ಪದೇ ಪದೇ ಸಡಿಲವಾಗುತ್ತಿದ್ದರೆ ಸ್ಕ್ರೂ ಬಿಗಿದು ಮುಂದೆ ಹೋಗಬೇಡಿ, ಡಯಲ್ ಗೇಜ್ ಇಟ್ಟು ಆ ಲೋಬ್‌ನ ಲಿಫ್ಟ್ ಅಳೆಯಿರಿ.